ಎರಡು ಪದರ ಟಾರು

ಹಳೆ ಟಾರು ಹೆರೆಯುವುದಕ್ಕೆ ಚಳಿಗಾಲದ ಮುಂಜಾವೇ ಸರಿ. ರಾತ್ರಿಯ ಚಳಿಗೆ ಬಿರುಸಾದ ಟಾರು ಮಚ್ಚಿನ ಏಟಿಗೆ ಗಾಜಿನ ಹಾಗೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಬಿಸಿಲೇರಿತೆಂದರೆ ಅದೇ ಟಾರು ಮೆತ್ತಗಾಗಿ ಮಚ್ಚಿಗೂ ಕೈಗೂ ಅಂಟಿಕೊಳ್ಳುತ್ತದೆ. ಅದಕ್ಕೇ ಅರವತ್ತೊಂದರ ಪುಷ್ಯಮಾಸದ ಆ ದಿನ ಚಿಕ್ಕವೆಂಕಟಮ್ಮ ಬೆಳಕು ಹರಿಯುವ ಮುಂಚೆಯೇ ಕೆರೆಯ ಕಟ್ಟೆಗೆ ಬಂದು ಕೂತಿದ್ದಳು.

ಹರಿಗೋಲು ಹೊಂಗೆಮರದ ಕೆಳಗೆ ಮಗುಚಿ ಬಿದ್ದಿತ್ತು. ಒಳಗೆ ಬಿದಿರಿನ ಹೆಣಿಗೆ, ಅದರ ಮೇಲೆ ಹೊಲಿದ ದಪ್ಪ ಗೋಣಿ, ಗೋಣಿಯ ಮೇಲೆ ಟಾರು. ಹೋದ ವರ್ಷ ನೀರಿನಿಂದ ಎಳೆದು ಹಾಕಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅವಳು ಒಂದು ಬದಿಯಿಂದ ಹೆರೆಯುತ್ತಿದ್ದಳು, ಅವಳ ಗಂಡನ ಅಣ್ಣ ಗಂಗುಲಪ್ಪ ಇನ್ನೊಂದು ಬದಿಯಿಂದ. ನಡುವೆ ಹರಿಗೋಲಿನ ಉಬ್ಬು ಇದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮಚ್ಚಿನ ಸದ್ದು ಮಾತ್ರ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.

ಊರ ಕೆರೆಯ ತೂಬು ಎತ್ತುವುದು ಅವರ ಮನೆಯ ಕೆಲಸ. ಕೆರೆಯೊಳಗೆ ಎರಡು ಕಲ್ಲುಕಂಬ ನಿಂತಿರುವ ಕಡೆ, ನೀರಿನ ತಳದಲ್ಲಿ, ತೂಬಿನ ಬಾಯಿಗೆ ಮರದ ಬಿರಡೆ ಜಡಿದಿರುತ್ತದೆ. ಮೇಲಿನಿಂದಲೇ ಬಿರಡೆ ಎತ್ತುವ ಕೋಲು ಎಂದೋ ಕೊಳೆತುಹೋಗಿತ್ತು. ಹಾಗಾಗಿ ವರ್ಷಕ್ಕೊಮ್ಮೆ ಒಬ್ಬರು ಮುಳುಗಿ ಅದನ್ನು ಎತ್ತಬೇಕು. ಇನ್ನೊಬ್ಬರು ಮೇಲೆ ಹರಿಗೋಲನ್ನು ಕಂಬಕ್ಕೆ ಒತ್ತಿ ಹಿಡಿದಿರಬೇಕು. ಬಿರಡೆ ಎದ್ದ ಕೂಡಲೇ ತೂಬು ನೀರನ್ನು ಎಳೆಯುತ್ತದೆ. ಮೇಲೆ ಬಂದವನ ಕೈಗೆ ಆಗ ಹರಿಗೋಲಿನ ಅಂಚು ಸಿಗಲೇಬೇಕು.

ಹೋದ ವರ್ಷ ಅವಳ ಗಂಡ ಮುನಿಗಂಗಪ್ಪನ ಕೈಗೆ ಅದು ಸಿಗಲಿಲ್ಲ.

ಮೇಲೆ ಕೂತಿದ್ದವನು ಗಂಗುಲಪ್ಪ. ಕಂಬವನ್ನು ತಬ್ಬಿಕೊಂಡು ಅವನು ಉಳಿದ. ಕಟ್ಟೆಯ ಮೇಲೆ ಸೇರಿದ ಜನಕ್ಕೆ, ನಡುಗುವ ಹಲ್ಲುಗಳ ನಡುವಿನಿಂದಲೇ ಹೇಳಿದ: "ಕುಡ್ಕೊಂಡ್ ಬಂದಿದ್ದ. ಬ್ಯಾಡ ಕಣೋ ಅಂದೆ. ಎದ್ದು ನಿಂತು ಹರಿಗೋಲೇ ಮಗುಚ್ಬಿಟ್ಟ." ಶಿಡ್ಲಘಟ್ಟದ ಸಂತೆಗೆ ರೇಷ್ಮೆಗೂಡು ಹೊತ್ತು ಹೋದ ದಿನಗಳಲ್ಲಿ ಮುನಿಗಂಗಪ್ಪ ಕುಡಿದು ಬರುತ್ತಿದ್ದುದನ್ನು ಊರೇ ನೋಡಿತ್ತು. ಜನ ನಂಬಿದರು.

ತೂಬಿನ ಕೆಲಸದಲ್ಲಿ ಸತ್ತವರಿಗೆ ಆ ಊರಿನಲ್ಲಿ ಕಟ್ಟೆಯ ಮೇಲೆ ಒಂದು ಕಲ್ಲು ನೆಡುತ್ತಾರೆ. ಗಂಗಮ್ಮನ ಪೂಜೆಯ ದಿನ ಆ ಕಲ್ಲಿಗೂ ಅರಿಶಿನ ಹಚ್ಚಿ ಸತ್ತವರ ಹೆಸರು ಕೂಗುತ್ತಾರೆ. ಗಂಡನ ತಾತನದ್ದೊಂದು, ಆ ತಾತನ ತಮ್ಮನದ್ದೊಂದು, ಎರಡು ಕಲ್ಲು ಅಲ್ಲಿದ್ದವು. ಬಿರಡೆ ಎತ್ತುವ ದಿನ ಕುಡಿದು ನೀರಿಗಿಳಿದವನಿಗೆ ಕಲ್ಲಿಲ್ಲ ಎಂದು ಊರಿನವರು ತೀರ್ಮಾನಿಸಿದರು. ಹೋದ ಪೂಜೆಯಲ್ಲಿ ಎರಡೇ ಹೆಸರು ಕೂಗಿದರು. ಚಿಕ್ಕವೆಂಕಟಮ್ಮನಿಗೆ ಬೇಕಾಗಿದ್ದದ್ದು ಆ ಮೂರನೆಯ ಕಲ್ಲು. ಆದರೆ ಅದನ್ನು ಕೇಳುವ ಬಾಯಿ ಅವಳಿಗಿರಲಿಲ್ಲ. ಯಾಕೆಂದರೆ ಅವಳೂ ನಂಬಿದ್ದಳು. ಒಂದು ವರ್ಷ, ದೀಪ ಹಚ್ಚುವಾಗಲೆಲ್ಲ, ಸತ್ತವನನ್ನು ಮನಸ್ಸಿನಲ್ಲೇ ಬೈದಿದ್ದಳು.

ಸೂರ್ಯ ಹುಟ್ಟುವ ಹೊತ್ತಿಗೆ ಊರ ಗೌಡ ಆವಲಪ್ಪ ಬಂದ. ತೂಬಿನ ಕೆಳಗಿನ ಗದ್ದೆಗಳಲ್ಲಿ ಅರ್ಧ ಅವನವು. ಜೊತೆಯಲ್ಲಿ ಅವನ ಪಕ್ಕದ ಗದ್ದೆಯ ನರಸಪ್ಪ, ತಲೆಗೆ ಟವೆಲು ಸುತ್ತಿಕೊಂಡು.

"ಏನಪ್ಪ ಗಂಗುಲಪ್ಪ, ಹರಿಗೋಲು ಹೆರೀತಿದ್ಯೋ ಹರಿಗೋಲಿಗೆ ಕ್ಷೌರ ಮಾಡ್ತಿದ್ಯೋ?" ಎಂದ ನರಸಪ್ಪ. "ಹಿಂಗೆ ನೀವಿ ನೀವಿ ಮಾಡಿದ್ರೆ ಯುಗಾದಿಗೆ ನೀರು ಬಿಡ್ತೀಯ."

"ಪೈರು ಬಲಿತು ಕೂತದೆ ಕಣೋ," ಎಂದ ಆವಲಪ್ಪ. "ಈ ವಾರ ನಾಟಿ ಆಗ್ದಿದ್ರೆ ಎಲ್ಲಾ ದನಕ್ಕೇಯ."

"ಆಗ್ತದೆ ಗೌಡ್ರೇ," ಎಂದ ಗಂಗುಲಪ್ಪ. ತಲೆ ಎತ್ತಲಿಲ್ಲ. ಮಧ್ಯಾಹ್ನ ಬಂದು ನೋಡುವುದಾಗಿ ಹೇಳಿ ಅವರು ಹೋದರು.

ಅವಳ ಮಚ್ಚು ತಳದ ನಡುವಿಗೆ ಬಂದಿತ್ತು. ಅಲ್ಲಿಯವರೆಗೂ ಟಾರು ಗೋಣಿಯನ್ನು ಕಚ್ಚಿಕೊಂಡು ಕಾಳಿನಷ್ಟು ಕಾಳಿನಷ್ಟೇ ಏಳುತ್ತಿತ್ತು. ಇಲ್ಲಿ ಮಚ್ಚಿನ ಮೂತಿ ತಾಗಿಸಿದ್ದೇ ತಡ, ಅಂಗೈ ಅಗಲದ ಹಾಳೆಯೊಂದು ತನ್ನಷ್ಟಕ್ಕೆ ಎದ್ದು ಬಂತು. ಅವಳು ಅದನ್ನು ತಿರುಗಿಸಿ ನೋಡಿದಳು. ಹಾಳೆಯ ಅಡಿಗೆ ಬೂದುಬಣ್ಣದ ಗೋಡುಮಣ್ಣು ತೆಳ್ಳಗೆ ಒಣಗಿತ್ತು. ಮಣ್ಣಿನಲ್ಲಿ ಪಾಚಿಯ ಎಳೆಗಳು ಕೂದಲಿನಂತೆ ಅಂಟಿದ್ದವು. ಹಾಳೆ ಎದ್ದ ಜಾಗದಲ್ಲಿ ಗೋಣಿ ಇರಲಿಲ್ಲ. ಅಲ್ಲಿ ಇನ್ನೊಂದು ಟಾರು ಇತ್ತು, ಹಳೆಯದು, ಬಿರುಕುಬಿಟ್ಟದ್ದು.

ಹನ್ನೊಂದು ವರ್ಷ ಗಂಡನ ಜೊತೆ ಇದೇ ಮರದ ಕೆಳಗೆ ಕೂತು ಹೆರೆದವಳು ಅವಳು. ಗೋಣಿಯ ಎಳೆ ಕಾಣುವವರೆಗೂ ಅವನು ಬಿಡುತ್ತಿರಲಿಲ್ಲ. ಆಮೇಲೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದು ಹಗಲು ಪೂರ್ತಿ ಬಿಸಿಲಿಗೆ ಹಾಕಿ, ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಟಾರು. ಹೋದ ವರ್ಷ ಮಾತ್ರ ಅವರಿಬ್ಬರೂ ಇಲ್ಲಿರಲಿಲ್ಲ. ಚಿಂತಾಮಣಿಯಲ್ಲಿ ಅವಳ ಸೋದರಮಾವ ತೀರಿಕೊಂಡಿದ್ದರು. ಮೂರು ದಿನ ಅಲ್ಲಿದ್ದು ರಾತ್ರಿ ಬಂದರು. ಹರಿಗೋಲು ಸಿದ್ಧವಾಗಿದೆ ಎಂದು ಗಂಗುಲಪ್ಪ ಹೇಳಿದ. ಬೆಳಿಗ್ಗೆ ಅವಳು ಏಳುವ ಮುಂಚೆಯೇ ಮನೆಬಿಟ್ಟ ಮುನಿಗಂಗಪ್ಪ ಅದನ್ನು ಹತ್ತಿ ಕೂತ.

ಅವಳು ಹಾಳೆಯನ್ನು ಹಿಡಿದುಕೊಂಡು ಹರಿಗೋಲನ್ನು ಸುತ್ತಿ ಬಂದು ಗಂಗುಲಪ್ಪನ ಮುಂದೆ ನಿಂತಳು.

"ಭಾವ, ಹೋದ ವರ್ಷ ಇದನ್ನ ಹೆರೆದಿದ್ರಾ?"

ಅವನು ಹಾಳೆಯನ್ನು ನೋಡಿದ. ಮಚ್ಚನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ.

"ಮಣ್ಣಿನ್ನೂ ಹಂಗೇ ಅದೆ ನೋಡಿ. ಒದ್ದೆ ಮೇಲೇ ಬಳ್ದಿದೀರ."

ಅವನು ಹೆರೆಯತೊಡಗಿದ. ಒಂದೇ ಜಾಗದಲ್ಲಿ, ಏನೂ ಉಳಿದಿರದ ಗೋಣಿಯ ಮೇಲೆ.

"ಕುಡಿದಿದ್ನಾ ಅವ್ನು?"

ಅವನ ಮಚ್ಚು ಅದೇ ಜಾಗದಲ್ಲಿ ಆಡುತ್ತಲೇ ಇತ್ತು. ಕೆರೆಯ ಆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಂಡು, ಸದ್ದು ಆಮೇಲೆ ಬರುತ್ತಿತ್ತು. ಅವಳು ಅದನ್ನೇ ನೋಡುತ್ತಾ ನಿಂತಳು. ಕೇಳಬೇಕಾಗಿದ್ದದ್ದು ಮುಗಿದಿತ್ತು. ಅವನು ಹೌದು ಎಂದಿದ್ದರೆ, ಅಥವಾ ಸಿಟ್ಟಾಗಿದ್ದರೆ, ಅವಳಿಗೆ ಇನ್ನೂ ಒಂದಿಷ್ಟು ಅನುಮಾನ ಉಳಿಯುತ್ತಿತ್ತು.

ಅಷ್ಟರಲ್ಲಿ ಅತ್ತೆ ಅಕ್ಕಯ್ಯಮ್ಮ ಮುದ್ದೆಯ ಕುಕ್ಕೆ ಹೊತ್ತು ಬಂದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಟ್ಟೆಯ ದಾರಿ ಕಾಲಿಗೆ ಗೊತ್ತಿತ್ತು. ಕುಕ್ಕೆ ಇಳಿಸಿ, ಇಬ್ಬರೂ ಮಾತಾಡದ್ದನ್ನು ಕೇಳಿಸಿಕೊಂಡು, "ಏನಾಯ್ತು?" ಎಂದಳು.

ಚಿಕ್ಕವೆಂಕಟಮ್ಮ ಹಾಳೆಯನ್ನು ಅವಳ ಕೈಗಿಟ್ಟಳು. ಮುದುಕಿ ಅದರ ಮೇಲೆ ಬೆರಳಾಡಿಸಿದಳು. ಮಣ್ಣಿನ ಬದಿಗೆ ಬಂದಾಗ ಹೆಬ್ಬೆರಳು ನಿಂತಿತು. ಉಗುರಿನಿಂದ ಒಂದಿಷ್ಟು ಕೆದಕಿ, ಮೂಸಿದಳು. ಆಮೇಲೆ ಮೂರು ಹೆಜ್ಜೆ ನಡೆದು, ಟಾರು ಕಾಯಿಸುವ ಡಬ್ಬಿಯನ್ನು ಕೈಯಿಂದ ತಡವಿ, ಹಾಳೆಯನ್ನು ಎರಡು ತುಂಡು ಮುರಿದು ಅದರೊಳಗೆ ಹಾಕಿದಳು.

"ಯಾಕತ್ತೆ?"

"ಕರಗಿಸಿದ್ರೆ ಮತ್ತೆ ಆಗ್ತದೆ."

"ನೀವು ನೋಡಿದ್ರಲ್ಲ."

"ನೋಡಿದೆ." ಮುದುಕಿ ಹೊಂಗೆಯ ಬೇರಿನ ಮೇಲೆ ಕೂತಳು. "ಆವತ್ತೇ ನೋಡಿದೆ ಕಣಮ್ಮ. ಅವನ ಬಾಯಿ ಒರೆಸಿದ್ದು ನಾನು. ಕೆರೆ ನೀರಿನ ವಾಸ್ನೆ ಬಿಟ್ರೆ ಇನ್ನೇನೂ ಇರ್ಲಿಲ್ಲ."

ಗಂಗುಲಪ್ಪನ ಮಚ್ಚು ನಿಂತಿತು. ತಾಯಿಗೆ ಗೊತ್ತಿತ್ತೆಂಬುದು ಅವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ವರ್ಷಪೂರ್ತಿ ನನ್ನ ಮುಂದೆ ಅವನನ್ನ ಕುಡುಕ ಅಂದ್ರಿ," ಎಂದಳು ಚಿಕ್ಕವೆಂಕಟಮ್ಮ.

"ಅಂದೆ. ಇಬ್ಬರನ್ನ ಹೆತ್ತೆ. ಒಬ್ಬ ಹೋದ. ಇನ್ನೊಬ್ಬನನ್ನೂ ಊರಿಗೆ ಕೊಡ್ಲಾ?" ಮುದುಕಿಯ ದನಿ ಏರಲಿಲ್ಲ. "ನಾನು ಎಷ್ಟು ದಿನ ಇರ್ತೀನಿ. ನಾನು ಹೋದ್ಮೇಲೆ ಏನಾದ್ರೂ ಹೇಳ್ಕೊ. ಈಗ ಉಣ್ಣು, ಆರೋಗ್ತದೆ."

ಚಿಕ್ಕವೆಂಕಟಮ್ಮ ಉಣ್ಣಲಿಲ್ಲ. ವಾಪಸು ಹೋಗಿ ಹೆರೆಯಲು ಕೂತಳು. ಹೆರೆದಷ್ಟೂ ಹಾಳೆಗಳು ಎದ್ದವು. ಅವೆಲ್ಲ ಡಬ್ಬಿಗೆ ಹೋಗುವಂಥವು. ಕೆಲಸ ಚೆನ್ನಾಗಿ ಮಾಡಿ ಮುಗಿಸಿದರೆ ಸಂಜೆಯ ಹೊತ್ತಿಗೆ ಗೋಣಿ ಬಿಟ್ಟು ಇಲ್ಲಿ ಇನ್ನೇನೂ ಉಳಿಯುವುದಿಲ್ಲ. ಗಂಡನ ಕಡೆಯಿಂದ ಮಾತಾಡುವುದು ಇದೊಂದೇ, ಇದನ್ನೂ ತನ್ನ ಕೈಯೇ ಕಿತ್ತು ಹಾಕುತ್ತಿದೆ. ಅದು ಅವಳಿಗೆ ಹೊಳೆದದ್ದು ಗೇಣಗಲದ ಜಾಗ ಉಳಿದಾಗ. ಅವಳು ಮಚ್ಚನ್ನು ಕೆಳಗಿಟ್ಟಳು.

ಮಧ್ಯಾಹ್ನ ಆವಲಪ್ಪ, ನರಸಪ್ಪ ಬಂದಾಗ ಅವಳು ಆ ಗೇಣಗಲದ ಜಾಗದ ಪಕ್ಕ ಸುಮ್ಮನೆ ಕೂತಿದ್ದಳು. ಗಂಗುಲಪ್ಪ ತನ್ನ ಬದಿ ಮುಗಿಸಿ ಸೀಮೆಎಣ್ಣೆಯಲ್ಲಿ ಒರೆಸುತ್ತಿದ್ದ.

"ಇನ್ನೂ ಅಷ್ಟುದ್ದ ಉಳಿಸಿದ್ದೀಯಲ್ಲಮ್ಮ," ಎಂದ ಆವಲಪ್ಪ.

"ನಾನು ಮುಟ್ಟಲ್ಲ ಗೌಡ್ರೇ. ನಮ್ಮ ಭಾವ ಅದರ ಮೇಲೇ ಬಳೀತಾರೆ."

"ಬಳೀಲಿ ಬಿಡು ಮತ್ತೆ, ಗೇಣುದ್ದಕ್ಕೆ ಏನಾಗ್ತದೆ. ಟಾರಿನ ಮೇಲೆ ಟಾರು ಕೂರ್ತದೆ. ಹಚ್ಚೋ ಗಂಗುಲಪ್ಪ, ಬೆಂಕಿ ಹಚ್ಚು."

ಗಂಗುಲಪ್ಪ ಒರೆಸುತ್ತಲೇ ಇದ್ದ.

"ಹೇಳ್ತಿರೋದು ಕೇಳಿಸ್ತಾ?"

"ಬಳೀಬಾರ್ದು ಗೌಡ್ರೇ."

"ಯಾಕೆ?"

"ಮುಳುಗ್ತದೆ."

"ಗೇಣುದ್ದಕ್ಕೆ ಮುಳುಗಿದ್ದನ್ನ ಎಲ್ಲಪ್ಪ ನೋಡಿದೆ ನೀನು?" ಎಂದು ನರಸಪ್ಪ ನಕ್ಕ.

"ಹೋದ ವರ್ಷ."

ನರಸಪ್ಪನ ನಗೆ ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿಯಿತು. ಅಕ್ಕಯ್ಯಮ್ಮ ಬೇರಿನ ಮೇಲಿಂದ, "ಗಂಗುಲಾ," ಎಂದಳು. ಒಂದೇ ಸಲ. ಅವನು ತಾಯಿಯ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ನೋಡಿಕೊಂಡೇ ಹೇಳಿದ: ನೀವು ಅವಸರ ಮಾಡಿದಿರಿ, ತಮ್ಮ ಊರಲ್ಲಿರಲಿಲ್ಲ, ಹರಿಗೋಲನ್ನು ನೀರಿನಿಂದ ಎಳೆದು ಒಂದೇ ಮಧ್ಯಾಹ್ನದಲ್ಲಿ ಒದ್ದೆಯ ಮೇಲೆ ಬಳಿದುಬಿಟ್ಟೆ. ಅವನು ಮುಳುಗಿದ್ದಾಗ ತಳದ ಒಂದು ಕಡೆ ಟಾರು ಕಿತ್ತುಕೊಂಡು ನೀರು ನುಗ್ಗಿತು. ನಾನು ಕಂಬ ಹಿಡಿದೆ. ಅವನು ಎದ್ದ, ಕೈಯಾಡಿಸಿದ, ಹರಿಗೋಲು ಅಲ್ಲಿರಲಿಲ್ಲ.

"ಕುಡಿದಿದ್ದ ಅಂದ್ಯಲ್ಲೋ," ಎಂದ ಆವಲಪ್ಪ.

"ಅಂದೆ."

"ಕುಡಿದಿರ್ಲಿಲ್ಲ ಅನ್ನಿ," ಎಂದಳು ಚಿಕ್ಕವೆಂಕಟಮ್ಮ.

"ಕುಡಿದಿರ್ಲಿಲ್ಲ."

ಆವಲಪ್ಪ ಕೆರೆಯ ಕಡೆ ತಿರುಗಿದ. ತನ್ನ ಅವಸರದ ಮಾತು ಅವನಿಗೂ ತಾಗಿರಬೇಕು. "ಕಲ್ಲು ನೆಡ್ಸಮ್ಮ," ಎಂದ, ಅವಳ ಮುಖ ನೋಡದೆ. "ನಾನು ಹೇಳ್ತೀನಿ ಎಲ್ಲರಿಗೂ. ಮೊದಲು ನೀರು ಬಿಡಿ." ಅಕ್ಕಯ್ಯಮ್ಮ ಖಾಲಿಯಾಗದ ಕುಕ್ಕೆಯನ್ನು ತಲೆಗೇರಿಸಿಕೊಂಡು ಯಾರನ್ನೂ ಕೂಗದೆ ಊರ ಕಡೆ ಹೋದಳು. ಅಂದಿನಿಂದ ಅವಳು ಸೊಸೆಯ ಜೊತೆಗೂ ಮಗನ ಜೊತೆಗೂ ಮಾತಾಡಲಿಲ್ಲ.

ಉಳಿದ ಗೇಣಗಲವನ್ನು ಚಿಕ್ಕವೆಂಕಟಮ್ಮನೇ ಹೆರೆದಳು. ಮರುದಿನ ಪೂರ್ತಿ ಹರಿಗೋಲು ಬಿಸಿಲಿನಲ್ಲಿ ಒಣಗಿತು. ಅದರ ಮರುದಿನ ಟಾರು ಬಳಿದರು. ನಾಲ್ಕನೆಯ ಬೆಳಿಗ್ಗೆ ಕಟ್ಟೆಯ ಮೇಲೆ ಜನ ಸೇರಿದಾಗ, ಗಂಗುಲಪ್ಪನ ಜೊತೆ ಕೂರಲು ಯಾರೂ ಮುಂದೆ ಬರಲಿಲ್ಲ. ನರಸಪ್ಪನನ್ನು ಕೇಳಿದರೆ, "ಇವನ ಟಾರು ನಂಬ್ಕೊಂಡು ನಾನು ಬರ್ಲಾ? ನನಗೂ ಮನೇಲಿ ಹೆಂಡ್ತಿ ಮಕ್ಕಳವ್ರೆ ಕಣಪ್ಪ," ಎಂದು ಹಿಂದೆ ಸರಿದ.

"ಹೆರೆದಿದ್ದು ನಾನು. ನಾನು ಬರ್ತೀನಿ," ಎಂದಳು ಚಿಕ್ಕವೆಂಕಟಮ್ಮ.

ಹೆಂಗಸು ತೂಬಿನ ಹತ್ತಿರ ಹೋಗುವುದುಂಟೇ ಎಂದು ಒಬ್ಬಿಬ್ಬರು ಗೊಣಗಿದರು. ಬದಲಿಗೆ ನಾನು ಹೋಗುತ್ತೇನೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಅವಳು ಸೀರೆಯನ್ನು ಎತ್ತಿ ಕಟ್ಟಿ ಹತ್ತಿದಳು.

ಗಂಗುಲಪ್ಪ ಕಂಬದವರೆಗೂ ಹುಟ್ಟು ಹಾಕಿದ. ಅಲ್ಲಿ ಅವನು ಅಂಗಿ ಕಳಚಿ, "ನೋಡಮ್ಮ," ಎಂದ. "ಬಿರಡೆ ಎದ್ದಾಗ ಹರಿಗೋಲು ಸೆಳೀತದೆ. ಕಂಬ ಬಿಡ್ಬ್ಯಾಡ."

ಅವಳು ಹೂಂ ಅನ್ನಲಿಲ್ಲ. ಅನ್ನುತ್ತಾಳೆಂದು ಅವನು ಒಂದು ಗಳಿಗೆ ಕಾದ. ಆಮೇಲೆ ಉಸಿರೆಳೆದುಕೊಂಡು ಮುಳುಗಿದ.

ಅವನ ಮೇಲೆ ನೀರು ಕೂಡಿಕೊಂಡಿತು. ಅವಳು ಎಡಗೈಯಲ್ಲಿ ಕಂಬವನ್ನು ಬಳಸಿ, ಮೊಣಕಾಲಿನಿಂದ ಹರಿಗೋಲನ್ನು ಅದಕ್ಕೆ ಒತ್ತಿ ಹಿಡಿದಿದ್ದಳು. ಏನೂ ಮಾಡಬೇಕಾಗಿರಲಿಲ್ಲ, ಕೈ ಸಡಿಲಿಸಿದರೆ ಸಾಕಿತ್ತು. ಹೆಂಗಸು, ಕೈಲಾಗಲಿಲ್ಲ ಎಂದು ಕಟ್ಟೆಯ ಮೇಲಿನವರು ಹೇಳುತ್ತಿದ್ದರು. ಹೇಳಿದ್ದನ್ನು ನಂಬುತ್ತಿದ್ದರು. ಅವನಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ಇಳಿದಿದ್ದ.

ತಳದಿಂದ ಒಂದು ಎಳೆತ ಬಂತು. ಹರಿಗೋಲು ಪಕ್ಕಕ್ಕೆ ಜಗ್ಗಿತು. ಕಂಬದ ಒರಟು ಕಲ್ಲಿಗೆ ಅವಳ ತೋಳು ಉಜ್ಜಿ ಚರ್ಮ ಕಿತ್ತುಬಂತು. ಅವಳು ಕೈ ಬಿಡಲಿಲ್ಲ. ಕಟ್ಟೆಯ ಆಚೆಯಿಂದ ಕಾಲುವೆಗೆ ನೀರು ಬಂತೆಂದು ಕೂಗಿದರು. ಆಗ ಅವನ ತಲೆ ಮೇಲೆ ಬಂತು. ಕಣ್ಣು ಮುಚ್ಚಿಯೇ ಕೈಯಾಡಿಸಿದ. ಕೈ ಅಂಚಿಗೆ ಬಿತ್ತು. ಅವನು ಹತ್ತುವಾಗ ಹರಿಗೋಲು ಮಗುಚದ ಹಾಗೆ ಅವಳು ಕಂಬದ ಕಡೆಗೇ ಒರಗಿ ಭಾರ ಕೊಟ್ಟಳು.

ಅವನು ಅಂಚಿನ ಬದಿಗೆ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದ. ಅವನ ಮೈಯಿಂದ ಇಳಿದ ನೀರು ಬಿಟ್ಟರೆ ಹರಿಗೋಲಿನ ಒಳಗೆ ಒಂದು ಹನಿಯೂ ಬಂದಿರಲಿಲ್ಲ. ಅವಳು ನಡುವಿನ ಆ ಜಾಗಕ್ಕೆ ಅಂಗೈ ಒತ್ತಿ ನೋಡಿದಳು. ಒಣಗಿತ್ತು. ಅದನ್ನು ಮುಟ್ಟಿದ ಮೇಲೆಯೇ ಅವಳಿಗೆ ಅಳು ಬಂದದ್ದು. ಗಂಗುಲಪ್ಪ ಎದ್ದು, ಅವಳಿಗೆ ಬೆನ್ನು ಮಾಡಿ ಕೂತು, ಹುಟ್ಟು ಹಾಕತೊಡಗಿದ.