ಮೇಸ್ತ್ರಿ ಕಟ್ಟಿದ ಹಂಪ್

ಶಾಲೆಯ ತಿರುವಿಗೆ ಎದುರಾಗಿಯೇ ಕಟಿಂಗ್ ಅಂಗಡಿ ಇತ್ತು. ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತಿ ಕನ್ನಡಿ ನೋಡಿದರೆ ಕ್ಷೌರಿಕನಿಗೆ ಬೆನ್ನ ಹಿಂದಿನ ರಸ್ತೆಯೆಲ್ಲ ಕಾಣುತ್ತಿತ್ತು. ಯಾರು ಬಿದ್ದರು, ಯಾರು ಕೂದಲೆಳೆಯಲ್ಲಿ ಪಾರಾದರು ಎಂಬುದನ್ನು ಎರಡು ವರ್ಷದಿಂದ ತಾರೀಖು, ವೇಳೆ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. "ಕೂದಲೆಳೆ ಅಂತರ ನಿನಗಲ್ದೆ ಇನ್ಯಾರಿಗೆ ಗೊತ್ತಾಗ್ಬೇಕು" ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಆದರೆ ಅದೇ ಬೀದಿಯವರನ್ನು ಒಂದೆಡೆ ಕೂಡಿಸಿದ್ದೂ ಅವನೇ. ತಿಂಗಳಿಗೊಂದು ಸಂಜೆ ಅಂಗಡಿಯ ಮುಂದೆ ಬೆಂಚು ಹಾಕಿ ಮಾತಿಗೆ ಕೂರುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ಇಬ್ಬರು ದೊಡ್ಡವರು ಸರದಿಯಂತೆ ರಸ್ತೆಯಲ್ಲಿ ನಿಲ್ಲಬೇಕು, ತಿರುವಿನಲ್ಲಿ ಯಾರೂ ಗಾಡಿ ನಿಲ್ಲಿಸಬಾರದು ಎಂದು ನಿಯಮ ಮಾಡಿಕೊಂಡಿದ್ದರು. ಗಾಡಿಗಳ ವೇಗ ಇಳಿಸುವ ಹಂಪ್ ಮಾತ್ರ ಆಗಿರಲಿಲ್ಲ. ರಸ್ತೆ ಇಲಾಖೆಗೆ ಅರ್ಜಿ ಕೊಟ್ಟು ಐದು ತಿಂಗಳಾಗಿತ್ತು.

ಅಷ್ಟರಲ್ಲಿ ಗಾರೆ ಮೇಸ್ತ್ರಿಯ ಮಗಳಿಗೆ ಬೈಕೊಂದು ತಾಗಿತು. ಮೊಣಕೈ ತರಚಿದ್ದು ಬಿಟ್ಟರೆ ಹುಡುಗಿಗೆ ಏನೂ ಆಗಲಿಲ್ಲ. ಚಕ್ರದಡಿ ಸಿಕ್ಕಿ ಹರಿದ ಅವಳ ಚೀಲವನ್ನು ಮೇಸ್ತ್ರಿ ತಂದು ಬೆಂಚಿನ ಮೇಲಿಟ್ಟ.

"ಇನ್ನೂ ಎಷ್ಟು ದಿನ ಅರ್ಜಿ ಅಂತ ಕೂರೋದಣ್ಣಾ? ನನ್ನ ಕೈಲಿ ಕರಣೆ ಇದೆ. ಒಂದು ದಿನದ ಕೆಲಸ."

"ಹಂಪ್ ಅಂದ್ರೆ ಗೋಡೆ ಅಲ್ಲ ಮೇಸ್ತ್ರಿ," ಎಂದ ಕ್ಷೌರಿಕ. "ಅದಕ್ಕೆ ಇಷ್ಟೇ ಎತ್ತರ, ಇಷ್ಟೇ ಅಗಲ ಅಂತಿದೆ. ಬಣ್ಣ ಬೇಕು, ಬೋರ್ಡು ಬೇಕು. ಮುಂದಿನ ವಾರ ಬರ್ತೀನಿ ಅಂದಿದಾರೆ ಇಂಜಿನಿಯರು."

"ಅವರ ಮುಂದಿನ ವಾರ ಯಾವತ್ತೂ ಮುಂದೇನೇ ಇರುತ್ತೆ."

ಎಲ್ಲರೂ ನಕ್ಕರು. ಕ್ಷೌರಿಕನೂ ನಕ್ಕ, ಆದರೆ ಒಪ್ಪಲಿಲ್ಲ.

ಭಾನುವಾರ ಕ್ಷೌರಿಕ ಸ್ಕೂಟರಿನಲ್ಲಿ ತನ್ನ ಅಕ್ಕನ ಮನೆಗೆ ಹೋದ. ಅವನು ವಾಪಸ್ಸು ಬರುವಷ್ಟರಲ್ಲಿ ಮುಗಿಸಿಬಿಟ್ಟರೆ ಬೇಡ ಅನ್ನುವ ಪ್ರಶ್ನೆಯೇ ಇರುವುದಿಲ್ಲ ಎಂದು ಮೇಸ್ತ್ರಿ ಯೋಚಿಸಿದ. ಬೀದಿಯವರು ಜಲ್ಲಿ ಹೊತ್ತರು, ಮರಳು ಜರಡಿ ಹಿಡಿದರು. ಬೇಗ ಗಟ್ಟಿಯಾಗುವ ಸಿಮೆಂಟು ಕಲಸಿ, ಹತ್ತು ಗಂಟೆಗೆಲ್ಲ ಹಂಪ್ ಎಬ್ಬಿಸಿ, ಎರಡೂ ಕಡೆ ಬೆಂಚು ಅಡ್ಡವಿಟ್ಟರು. ಮುಂಬದಿ ಇಳಿಜಾರಾಗದೆ ಮೆಟ್ಟಿಲಿನಂತೆ ನಿಂತದ್ದು ಮೇಸ್ತ್ರಿಯ ಕಣ್ಣಿಗೆ ಬಿದ್ದಿತ್ತು. ಇನ್ನರ್ಧ ಗಂಟೆ ಕೂತಿದ್ದರೆ ಸರಿಹೋಗುತ್ತಿತ್ತು. ವೇಗ ಇಳಿಯಬೇಕಲ್ಲ, ಹೀಗೇ ಇರಲಿ ಎಂದುಕೊಂಡು ಎದ್ದುಬಿಟ್ಟ.

"ಬಣ್ಣ?" ಎಂದು ಯಾರೋ ಕೇಳಿದರು.

"ನಾಳೆ ಬಳಿದ್ರಾಯ್ತು."

ಕತ್ತಲಾಗುವ ಹೊತ್ತಿಗೆ ಮೇಸ್ತ್ರಿಯೇ ಬೆಂಚು ಸರಿಸಿದ. ಮನೆಯ ನಲ್ಲಿಯಲ್ಲಿ ಕರಣೆ ತೊಳೆಯುತ್ತಿದ್ದಾಗ ರಸ್ತೆಯಿಂದ ಕಬ್ಬಿಣ ಉಜ್ಜಿದ ಸದ್ದು ಕೇಳಿತು. ಓಡಿಹೋದ. ಸ್ಕೂಟರು ಒಂದು ಕಡೆ ಬಿದ್ದಿತ್ತು, ಕ್ಷೌರಿಕ ಒಂದು ಕಡೆ ಬಿದ್ದಿದ್ದ. ಬಲಗೈ ಅವನ ಮೈಯಡಿಗೆ ಸಿಕ್ಕಿಹಾಕಿಕೊಂಡಿತ್ತು.

"ಇದೇನೋ ಮೇಸ್ತ್ರಿ," ಎಂದ ಕ್ಷೌರಿಕ, ಮೇಲೇಳಲಾಗದೆ. "ಇದ್ಯಾವಾಗ ಬಂತು ಇಲ್ಲಿ?"

ಮೇಸ್ತ್ರಿ ಅವನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಮಣಿಕಟ್ಟು ಎರಡು ಕಡೆ ಮುರಿದಿತ್ತು. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಪಿಕಾಸಿ ಹಿಡಿದು ಹಂಪನ್ನು ಒಡೆದ. ಕೈಜೋಡಿಸಲು ಬಂದವರಿಗೆ ಬೇಡ ಅಂದ. ತಾನೇ ಕಟ್ಟಿದ್ದು ಅಷ್ಟು ಗಟ್ಟಿಯಾಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಮಧ್ಯಾಹ್ನದವರೆಗೂ ಹಿಡಿಯಿತು.

ಮೂರನೆಯ ದಿನ ಕ್ಷೌರಿಕನ ಮನೆಗೆ ಹೋಗಿ ಮಂಚದ ಪಕ್ಕ ನಿಂತ. "ತಪ್ಪಾಯ್ತಣ್ಣಾ" ಎಂದ.

ಕ್ಷೌರಿಕ ಪಟ್ಟಿ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡ. "ಒಂದು ಫೋನ್ ಮಾಡಿದ್ರೆ ಸಾಕಿತ್ತು ಕಣೋ. ಬೇಡ ಅಂತಿದ್ದೆ, ನಿಜ. ನೀನು ಕೇಳ್ತಾನೂ ಇರಲಿಲ್ಲ. ಆದ್ರೆ ಅಲ್ಲೊಂದು ಹಂಪ್ ಇದೆ ಅಂತಾದ್ರೂ ನನಗೆ ಗೊತ್ತಿರ್ತಿತ್ತಲ್ಲ."

ಆಮೇಲೆ ನೋಟ್‌ಬುಕ್ಕು ಹಿಡಿದು ಇಲಾಖೆಗೆ ಅಲೆದದ್ದು ಮೇಸ್ತ್ರಿ. ಕೆಲಸ ಬಿಟ್ಟು ವಾರಕ್ಕೆರಡು ಸಲ ಹೋಗಿ ಕೂತ. ಇಂಜಿನಿಯರು ಆ ಪುಟಗಳನ್ನು ಓದಿ, ತಾವೇ ಬಂದು ಅಳತೆ ತೆಗೆದರು. ಎರಡು ತಿಂಗಳಲ್ಲಿ ತಗ್ಗಾದ, ಅಗಲವಾದ ಹಂಪ್ ಬಂತು. ಅದರ ಮೇಲೆ ಬಿಳಿ ಪಟ್ಟೆ, ಐವತ್ತು ಹೆಜ್ಜೆ ಮೊದಲೇ ಬೋರ್ಡು. ಆ ವರ್ಷ ತಿರುವಿನಲ್ಲಿ ಒಂದು ಮಗುವಿಗೂ ಏಟಾಗಲಿಲ್ಲ. ಬೀದಿಯವರು ಮೇಸ್ತ್ರಿಯನ್ನು ಹೊಗಳಿದರೆ ಅವನು ಏನಾದರೂ ನೆಪ ಹೇಳಿ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದ.

ಕ್ಷೌರಿಕನ ಮಣಿಕಟ್ಟು ಮಾತ್ರ ಮೊದಲಿನಂತೆ ತಿರುಗಲಿಲ್ಲ. ಲೋಟ ಹಿಡಿಯಬಲ್ಲ, ಕತ್ತರಿ ಹಿಡಿದರೆ ಬೆರಳು ನಡುಗುತ್ತಿತ್ತು. ಕೊನೆಗೆ ಅವನ ಹೆಂಡತಿಯೇ ಕತ್ತರಿ ಎತ್ತಿಕೊಂಡಳು. ಅವನು ಪಕ್ಕದ ಸ್ಟೂಲಿನಲ್ಲಿ ಕೂತು ಹೇಳಿಕೊಡುತ್ತಿದ್ದ. ಕಲಿಯುವವಳ ಕೈಗೆ ತಲೆ ಕೊಡಲು ಗಿರಾಕಿಗಳು ಹಿಂಜರಿದಾಗ ಮೊದಲು ಬಂದು ಕೂತವನು ಮೇಸ್ತ್ರಿ.

"ಹೇಗಿದೆ ನೋಡಿ" ಎಂದಳು ಅವಳು, ಕೆಲಸ ಮುಗಿಸಿ.

"ಚೆನ್ನಾಗಿದೆ ಅತ್ತಿಗೆ."

"ಸುಳ್ಳು ಹೇಳ್ಬೇಡ," ಎಂದ ಕ್ಷೌರಿಕ. "ಸರಿಯಿಲ್ಲ ಅಂದ್ರೆ ತಾನೇ ಅವಳು ಕಲಿಯೋದು."

ಮೇಸ್ತ್ರಿ ತಲೆ ತಗ್ಗಿಸಿದ. "ಎಡಗಡೆ ಜಾಸ್ತಿ ಹೋಗಿದೆ ಅತ್ತಿಗೆ."

ಅವಳು ನಕ್ಕಳು. ಕ್ಷೌರಿಕ ನಗಲಿಲ್ಲ. ಎದ್ದು ಬಂದು, ಎಡಗೈಯಿಂದ ಮೇಸ್ತ್ರಿಯ ತಲೆಯನ್ನು ತುಸು ಬಾಗಿಸಿ, "ಇಲ್ಲಿಂದ ಹಿಡಿ, ನಿಧಾನಕ್ಕೆ" ಎಂದು ಹೆಂಡತಿಗೆ ತೋರಿಸಿದ.