ಹಿರ್ಸಾಕರ್ ಮನೆಯವರು

ಸ್ಟೂಲಿನ ಮೇಲೆ ಹತ್ತಿ ನಿಂತು ಮಾರ್ಥವ್ವ ಮಗನ ಫೋಟೊಗೆ ಹಾಕಿದ್ದ ಗಂಧದ ಮಾಲೆ ಬಿಡಿಸುತ್ತಿದ್ದಳು. ಮಾಲೆ ಮೊಳೆಗೆ ಸಿಕ್ಕಿಕೊಂಡು ಬರಲೊಲ್ಲದು. ಕೆಳಗೆ ಸ್ಟೂಲಿನ ಕಾಲು ಹಿಡಿದುಕೊಂಡಿದ್ದ ಸೊಸೆ ಸುನಂದಾ ಮುಖವನ್ನು ಬಾಗಿಲ ಕಡೆ ತಿರುಗಿಸಿಕೊಂಡಿದ್ದಳು.

"ಅತ್ತಿ, ಇದು ಬ್ಯಾಡ್ರಿ," ಎಂದಳು ಕಡೆಗೆ. "ಮನಿಗೆ ಬಂದವರಿಗೆ ಸುಳ್ಳ ಹೇಳೂದು ಚಲೋ ಅಲ್ಲ."

"ಸುಳ್ಳ ಎಲ್ಲಿ ಹೇಳಾಕತ್ತೇನಿ? ತಡಾ ಮಾಡಾಕತ್ತೇನಿ ಅಷ್ಟ. ಉಂಡು ಕೈ ತೊಳೀಲಿ. ನಾನ ನನ್ನ ಬಾಯಿಂದ ಹೇಳ್ತೇನಿ."

ಮಾಲೆ ಬಂತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿ ಟ್ರಂಕಿನಲ್ಲಿಟ್ಟಳು. ಮಾಲೆಯಿಲ್ಲದ ಫೋಟೊದಲ್ಲಿ ಅನಿಲ ಈಗಷ್ಟೇ ಅಂಗಡಿಯಿಂದ ಬಂದವನಂತೆ ನಗುತ್ತಿದ್ದ.

ಅವನು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಮುದ್ದೇಬಿಹಾಳದಲ್ಲಿ, ತಾಳಿಕೋಟೆಗೆ ಹೋಗುವ ರಸ್ತೆಗೆ, ಅವನದು ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಕಾಮಣಿ ಆಯಿತು, ಕಾಮಾಲೆ ರೋಗ. ಎಲ್ಲರಂತೆ ಅವನೂ ಬೇರಿನ ಔಷಧ ಕುಡಿದ, ಉಪ್ಪು ಎಣ್ಣೆ ಬಿಟ್ಟ, ಮೋಟಾರು ಸುತ್ತುವುದನ್ನು ಮಾತ್ರ ಬಿಡಲಿಲ್ಲ. ಕಣ್ಣು ಅರಿಷಿಣವಾದ ಮೇಲೆ ಬಿಜಾಪುರಕ್ಕೆ ಒಯ್ದರು. ತರುವಾಗ ಅವನು ಮಾತಾಡುತ್ತಿರಲಿಲ್ಲ. ಅಂದಿನಿಂದ ಮಾರ್ಥವ್ವ 'ಸತ್ತ' ಎಂಬ ಮಾತನ್ನು ಒಮ್ಮೆಯೂ ಆಡಿರಲಿಲ್ಲ. 'ಹಿಂಗಾದ ಮ್ಯಾಲೆ' ಅನ್ನುತ್ತಿದ್ದಳು, ಕೇಳುವವರು ತಿಳಿದುಕೊಳ್ಳುತ್ತಿದ್ದರು.

ಈಗ ಬರುತ್ತಿದ್ದ ಅತಿಥಿ ಅನಿಲನಿಗೆ ಮಾತ್ರ ಗೊತ್ತಿದ್ದವನು. ಜರ್ಮನಿಯ ಮುದುಕ, ಹೆಸರು ಗೆರ್ಹಾರ್ಟ್ ಹಿರ್ಸಾಕರ್. ತನ್ನ ಅಡ್ಡಹೆಸರಿನವರು ಲೋಕದಲ್ಲಿ ಎಲ್ಲೆಲ್ಲಿದ್ದಾರೆ ಎಂದು ಹುಡುಕುತ್ತ ಹುಡುಕುತ್ತ, ಮಿಷನ್ನಿನ ಹಳೆಯ ಜನರನ್ನು ಕೇಳಿಕೊಂಡು, ಮುದ್ದೇಬಿಹಾಳದ ಅನಿಲ ಹಿರ್ಸಾಕರನನ್ನು ಹಿಡಿದಿದ್ದ. ಎರಡು ವರ್ಷ ಇಬ್ಬರ ನಡುವೆ ಪತ್ರಗಳು ನಡೆದವು. ಇಂಗ್ಲಿಷು ಬರೆದುಕೊಡುತ್ತಿದ್ದವನು ಅನಿಲನ ಗೆಳೆಯ ಜೈನುದ್ದೀನ, ಹೈಸ್ಕೂಲು ಮಾಸ್ತರ. ಈ ಚಳಿಗಾಲಕ್ಕೆ ಬರುತ್ತೇನೆ, ಟಿಕೆಟ್ಟು ತೆಗೆಸಿದ್ದೇನೆ ಎಂದು ಮುದುಕ ಬರೆದಾಗ ಅನಿಲ ಮಣ್ಣಿನಲ್ಲಿದ್ದ. ಜೈನುದ್ದೀನ ಇದ್ದದ್ದನ್ನು ಬರೆಯಲು ಕುಳಿತರೆ ಮಾರ್ಥವ್ವ ಕೈ ಹಿಡಿದಿದ್ದಳು. ಒಬ್ಬನೇ ಇರುವ ಮನುಷ್ಯ, ಕಾಗದ ಓದಿ ಯಾರ ಹೆಗಲ ಮೇಲೆ ತಲೆಯಿಟ್ಟು ಅಳಬೇಕು ಎಂದು ಕೇಳಿ, ಬರ್ರಿ ಎಂದಷ್ಟೇ ಬರೆಸಿದ್ದಳು. ಅವಳ ತವರು ನಾಲತವಾಡದ ಕಡೆ ಸಾವಿನ ಸುದ್ದಿಯನ್ನು ಹಸಿದವರಿಗೆ ಹೇಳುತ್ತಿರಲಿಲ್ಲ. ದೂರದಿಂದ ಬಂದವನನ್ನು ಮೊದಲು ಕೂಡ್ರಿಸಬೇಕು, ಉಣ್ಣಿಸಬೇಕು, ಕೈ ತೊಳೆದ ಮೇಲೆ ಹೇಳಬೇಕು. ಅದಕ್ಕಿಂತ ಮೊದಲು ಹೇಳಿದರೆ ಉಪವಾಸ ಕೆಡವಿದ ಪಾಪ ಆ ಮನೆಗೆ.

"ಊಟ ಮುಗಿಯೂತನಾ ಅಷ್ಟ, ಚಿಗವ್ವಾ," ಎಂದು ಜೈನುದ್ದೀನ ಒಪ್ಪಿಕೊಂಡಿದ್ದ. "ಆಮ್ಯಾಲೆ ನನ್ನ ಕಡಿಂದ ಆಗಾಕಿಲ್ಲ."

ಮಧ್ಯಾಹ್ನಕ್ಕೆ ಟ್ರ್ಯಾಕ್ಸ್ ಜೀಪು ಬಂದು ಓಣಿಯ ಬಾಯಲ್ಲಿ ನಿಂತಿತು. ಜೈನುದ್ದೀನನ ಹಿಂದೆ ಇಳಿದವನು ಮಾರ್ಥವ್ವ ತಿಳಿದಿದ್ದಂತೆ ಭಾರೀ ಆಳಲ್ಲ. ಸಣಕಲು, ಬಿಸಿಲಿಗೆ ಕೆಂಪಾದ ಮೂಗು, ಕಾಲಲ್ಲಿ ಚರ್ಮದ ಚಪ್ಪಲಿ. ಬಾಗಿಲಲ್ಲಿ ತಂಬಿಗೆ ನೀರು ಕೊಟ್ಟರೆ ಕುಡಿಯಲು ಎತ್ತಿದ. ಕಾಲಿಗೆ ಎಂದು ಸುನಂದಾ ಸನ್ನೆ ಮಾಡಿದ್ದಕ್ಕೆ ನಕ್ಕು ಚಪ್ಪಲಿ ಬಿಚ್ಚಿದ. ಒಳಗೆ ಬಂದವನೇ ಗೋಡೆಯ ಫೋಟೊ ನೋಡಿ ಗುರುತು ಹಿಡಿದು, "ಅನಿಲ್" ಎಂದ. ಆಮೇಲೆ ಸುತ್ತ ನೋಡಿದ.

ಜೈನುದ್ದೀನ ಮಾರ್ಥವ್ವನ ಮುಖ ನೋಡಿದ.

"ಸಿಂದಗಿಗೆ ಹೋಗ್ಯಾನಂತ ಹೇಳಪಾ," ಎಂದಳು. "ಅಲ್ಲೊಂದು ಮೋಟರ್ ಸುಟ್ಟೈತಿ. ಬೆಳಿ ಒಣಗತೈತಂತ ಬಂದು ಕರಕೊಂಡು ಹೋದ್ರು. ಬರ್ತಾನ."

ಹೇಳಿಬಿಟ್ಟಳು. ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಎದೆಯಲ್ಲಿ ಹಗುರವಾದಂಥದ್ದೇನೋ ಆಯಿತು.

ಚಕ್ಕಳಮಕ್ಕಳ ಹಾಕಲು ಬಾರದ ಮುದುಕನನ್ನು ಕುರ್ಚಿಯಲ್ಲಿ ಕೂಡ್ರಿಸಿ, ಸ್ಟೂಲಿನ ಮೇಲೆ ತಾಟು ಇಟ್ಟರು. ಮನೆಗೆ ಹಿರಿಯಳಾದ್ದರಿಂದ ಊಟದ ಪ್ರಾರ್ಥನೆ ಮಾರ್ಥವ್ವನದೇ. ಕಣ್ಣು ಮುಚ್ಚಿ, ಅನ್ನ ಕೊಟ್ಟ ದೇವರನ್ನು ನೆನೆದು, ದೂರದಿಂದ ಬಂದವರನ್ನು ಕಾಪಾಡು ಎಂದು ಬೇಡಿದಳು. ಇದರ ಮುಂದೆ ದಿನವೂ ಬರುವ, ನಿನ್ನ ಬಳಿ ಇರುವ ಅನಿಲನನ್ನು ನೋಡಿಕೋ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅಲ್ಲಿಗೇ ಆಮೆನ್ ಎಂದು ಎದ್ದಳು. ಸುಳ್ಳು ಹೇಳುವ ದಿನ ದೇವರ ಮುಂದೆ ಹೆಚ್ಚು ಹೊತ್ತು ನಿಲ್ಲಬಾರದು.

ಸುನಂದಾ ಒಲೆಯ ಮುಂದೆ. ಮಾರ್ಥವ್ವ ನೀಡುವವಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಾರ ಕಡಿಮೆ ಮಾಡಿದ ಬದನೆಕಾಯಿ ಎಣ್ಣೆಗಾಯಿ, ಬೆಣ್ಣೆ, ಶೇಂಗಾದ ಹಿಂಡಿ ಚಟ್ನಿ, ಮೊಸರು. ರೊಟ್ಟಿ ಮುರಿಯುವುದು ಹೇಗೆಂದು ಅವಳೇ ತೋರಿಸಿಕೊಟ್ಟಳು. ಮುದುಕ ಒಂದು ತುತ್ತು ತಿಂದು, ಇದು ಯಾವ ಕಾಳು ಎಂದು ಕೇಳಿದ. ಜೈನುದ್ದೀನ ಸಜ್ಜೆ, ನವಣೆ, ಜೋಳ ಎಂದೆಲ್ಲ ವಿವರಿಸುತ್ತಿದ್ದಂತೆ ಅವನ ಮುಖ ಅರಳಿತು. ತನ್ನ ಹೆಸರೂ ಇಂಥದ್ದೇ ಎಂದ.

ಅವರ ನಾಡಿನ ಮಾತಿನಲ್ಲಿ ಹಿರ್ಸಾಕರ್ ಅಂದರೆ ನವಣೆಯಂಥ ಸಣ್ಣ ಕಾಳು ಬೆಳೆಯುವ ಹೊಲ. ಹಿಂದೆ ಯಾವಾಗಲೋ, ತಗ್ಗಿನ ಒಳ್ಳೆ ಭೂಮಿಯೆಲ್ಲ ಬಲವಿದ್ದವರ ಪಾಲಾದ ಮೇಲೆ, ಅವನ ಮನೆತನದವರಿಗೆ ಗುಡ್ಡದ ಮೇಲಿನ ಕಲ್ಲುಭೂಮಿ ಉಳಿಯಿತು. ಅಲ್ಲಿ ಗೋದಿ ಏಳುತ್ತಿರಲಿಲ್ಲ. ಇವರು ಸಣ್ಣ ಕಾಳು ಬಿತ್ತಿದರು, ಅದನ್ನೇ ಕುದಿಸಿ ತಿಂದರು. ಗೋದಿ ಬ್ರೆಡ್ಡು ತಿನ್ನುವ ಕೆಳಗಿನ ಊರಿನವರು 'ನವಣಿ ಹೊಲದವರು ಬಂದ್ರು' ಎಂದು ನಗಾಡಿದರು. ನಗಾಡಿದ್ದೇ ಹೆಸರಾಗಿ ಉಳಿಯಿತು.

"ಹಂಗಾರ ಇವ್ರೂ ಎರಿ ಇಲ್ಲದ ಮಂದಿ," ಎಂದಳು ಮಾರ್ಥವ್ವ. ಕಪ್ಪು ಎರೆಯ ಭೂಮಿ ಇದ್ದವರು ಬಡ ಕೆಂಪು ಮಸಾರಿಯವರನ್ನು ಆಡಿಕೊಳ್ಳುವುದು ಇಲ್ಲೇನು ಕಡಿಮೆಯೇ? "ಇಲ್ಲಿ ಮಂದಿ ಏನ್ ತಿಳಕೊಂಡಾರ ಗೊತ್ತೇನು? ಹಿರಸಾಕರ ಅಂದ್ರ ಸೋಲಾಪುರದ ಕಡಿ ಮರಾಠಿ ಮಂದಿ ಅಂತ. ಅಂಗಡಿ ಬೋರ್ಡ್ ಓದಿ ಅನಿಲಗ ಮರಾಠ್ಯಾಗ ಮಾತಾಡಸ್ತಾರ. ಅಂವನೂ ಏನ್ ಕಡಿಮಿ? ಮರಾಠ್ಯಾಗ ರೇಟ್ ಹೇಳ್ತಾನ."

ಜೈನುದ್ದೀನ ನಗುತ್ತ ಇಂಗ್ಲಿಷಿಗೆ ತಿರುಗಿಸಲು ಹೋಗಿ, ನಡುವೆ ನಗು ಕಳಚಿ, ಮಾತು ಮಾತ್ರ ಪೂರ್ತಿ ಮಾಡಿದ. ಮುದುಕ ಖುಷಿಯಾಗಿ ತೊಡೆ ತಟ್ಟಿಕೊಂಡ.

ಇನ್ನೊಂದು ರೊಟ್ಟಿ ಬಂತು. ಮುದುಕ ಈ ಹೆಸರು ಇಲ್ಲಿಗೆ ಹೇಗೆ ಬಂತೆಂದು ಮನೆಯವರ ಬಾಯಿಂದಲೇ ಕೇಳಬೇಕೆಂದ. ಅವನ ಅಜ್ಜನ ಅಣ್ಣ ಪಾದ್ರಿಯಾಗಿ ಈ ಕಡೆ ಬಂದದ್ದು, ಮದುವೆಯಿಲ್ಲದೆ ಕಾಲರಾದಲ್ಲಿ ಹೋದದ್ದು, ಇಷ್ಟೇ ಜರ್ಮನಿಯ ಮನೆಯವರಿಗೆ ಗೊತ್ತು. ಮಾರ್ಥವ್ವ ಅತ್ತೆಯ ಬಾಯಿಂದ ಕೇಳಿದ್ದನ್ನು ಹೇಳಿದಳು. ನೂರು ವರ್ಷಕ್ಕೂ ಹಿಂದೆ, ಊರೂರೇ ಬರಿದಾದ ಡೋಗಿ ಬರದಲ್ಲಿ ತಂದೆ ತಾಯಿ ಸತ್ತ ಹುಡುಗನೊಬ್ಬ ಬಸವನ ಬಾಗೇವಾಡಿಯ ಹಾದಿಯಲ್ಲಿ ಬಿದ್ದಿದ್ದ. ಪಾದ್ರಿ ಎತ್ತಿಕೊಂಡು ಬಂದು ಗಂಜಿ ಹಾಕಿದ. ಮುಂದೆ ಊರಿನವರು ಬಂದು, ಇಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವಂತೆ, ಇಂವಾ ಯಾರ ಮನೀದಂವಾ ಎಂದು ಕೇಳಿದರು. ಹುಡುಗನಿಗೆ ಹೇಳಲು ಬರಲಿಲ್ಲ. ಅಳತೊಡಗಿದ.

"ಆಗ ಪಾದ್ರಿ, ನಮ್ಮ ಮನೀದಂವಾ ಅಂದ್ರಂತ," ಎಂದಳು ಮಾರ್ಥವ್ವ. "ಅಷ್ಟ. ರಕ್ತ ಇಲ್ಲ, ನೀರ ಇಲ್ಲ. ಆ ಹುಡುಗನ ಮರಿಮೊಮ್ಮಗ ನಮ್ಮ ಅನಿಲ."

ಮುದುಕ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿಗೆ ಇಳಿಸಿದ. ಆಮೇಲೆ ನಿಧಾನವಾಗಿ ಹೇಳಿದ. ಲೋಕದಲ್ಲಿ ಈಗಿರುವ ಹಿರ್ಸಾಕರ್‌ಗಳನ್ನೆಲ್ಲ ಕೂಡಿಸಿದರೆ ತಾವು ಬಂದ ಆ ಜೀಪಿನಲ್ಲಿ ಹಿಡಿಸುತ್ತಾರೆ.

"ನಮ್ಮ ಮಂದಿ ತುಂಬೂ ಹಂಗ ತುಂಬಿದ್ರ ಟ್ರ್ಯಾಕ್ಸಿನಾಗ ಇನ್ನೂ ಸೀಟ್ ಉಳೀತಾವ," ಎಂದು ಜೈನುದ್ದೀನ ತನ್ನದೊಂದು ಸೇರಿಸಿದ.

ಆ ಉಳಿದವರೂ ಎಲ್ಲ ಮುದುಕರೇ, ಇಲ್ಲ ಮದುವೆಯಾಗಿ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳು. ಹಿಂದೆ ಇದ್ದ ಗಂಡಸರಲ್ಲಿ ಬಹಳ ಜನ ಯುದ್ಧಕ್ಕೆ ಹೋದರು. ಮುದುಕನ ಊರಿನಲ್ಲಿ ಈಗ ಆ ಹೆಸರು ಓದಬೇಕಾದರೆ ಸಮಾಧಿಗಳಿಗೇ ಹೋಗಬೇಕು. ಅವನಿಗೂ ಒಬ್ಬ ಮಗನಿದ್ದ. ಮಂಜಿನ ಬೆಟ್ಟ ಏರಲು ಹೋದವನು ಜಾರಿದ. ಆಮೇಲೇ ಅವನು ಈ ಹುಡುಕಾಟಕ್ಕೆ ಬಿದ್ದದ್ದು. ಅನಿಲನ ಮೊದಲ ಪತ್ರ ಬಂದ ದಿನ, ಹೊಸ ಅಂಗಿ ಹಾಕಿಕೊಂಡು ಊರಲ್ಲೆಲ್ಲ ತಿರುಗಾಡಿ, ಇಂಡಿಯಾದಲ್ಲೊಬ್ಬ ಹುಡುಗನಿದ್ದಾನೆ, ಮೋಟಾರು ದುರಸ್ತಿ ಮಾಡುತ್ತಾನೆ ಎಂದು ಹೇಳಿಕೊಂಡು ಬಂದನಂತೆ.

ಇದನ್ನು ಕನ್ನಡಕ್ಕೆ ತರುವಾಗ ಜೈನುದ್ದೀನ ನೆಲ ನೋಡಿಕೊಂಡೇ ಮಾತಾಡಿದ. ಮಾರ್ಥವ್ವ ಎದ್ದು ಇನ್ನೊಂದು ರೊಟ್ಟಿ ತಂದಳು. ಮುದುಕ ಎರಡೂ ಕೈ ಅಡ್ಡ ಹಿಡಿದರೂ ಬಿಡಲಿಲ್ಲ.

"ಅನಿಲ ಎಷ್ಟ ತಿಂತಾನಂತ ಹೇಳ ಇವ್ರಿಗೆ. ಸಜ್ಜಿ ರೊಟ್ಟಿ ಅಂದ್ರ ಅಂವಗ ಜೀಂವ. ಬ್ಯಾಡಂದ್ರ ಕೇಳಂಗಿಲ್ಲ. ಈಗ ಈಗ ಸ್ವಲ್ಪ ಹೊಟ್ಟಿನೂ ಬಂದೈತಿ. ಫೋಟೊದಾಗ ಇದ್ದಂಗ ಇಲ್ಲ ಈಗ. ಕಿವಿ ಮ್ಯಾಲೆ ಒಂದೆರಡ ಬಿಳಿ ಕೂದಲಾ ಕಾಣಾಕತ್ತಾವ. ಅಪ್ಪಗೂ ಹಂಗ ಲಗೂನ ಬಂದಿದ್ದು."

ಅವಳು ಕಂಡೇ ಹೇಳುತ್ತಿದ್ದಳು. ಈ ಒಂದು ವರ್ಷ ಅನಿಲ ಇದ್ದಿದ್ದರೆ ಹೇಗಾಗುತ್ತಿದ್ದನೋ ಹಾಗೇ ಆಗಿ, ಸಿಂದಗಿಯ ಯಾವುದೋ ಬಾವಿಯ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಮೋಟಾರಿನ ಹೊಟ್ಟೆ ಬಿಚ್ಚಿ, ಕೈಯೆಲ್ಲ ಗ್ರೀಸು ಮಾಡಿಕೊಂಡಿದ್ದ. ಮುದುಕ ಉಣ್ಣುವಷ್ಟು ಹೊತ್ತು ಅವನು ಅಲ್ಲಿರುತ್ತಾನೆ. ಇದು ಹೊಳೆದಾಗ ಮಾರ್ಥವ್ವನ ಕೈ ಮತ್ತೆ ಬೆಣ್ಣೆಯ ಬಟ್ಟಲಿಗೆ ಹೋಯಿತು. ಎಣ್ಣೆಗಾಯಿ ಆಯಿತು, ಹಿಂಡಿ ಆಯಿತು, ಮೊಸರು ಸುರಿದಳು, ಮತ್ತೆ ರೊಟ್ಟಿ ಎಂದಳು.

ಅಡಿಗೆಮನೆಯ ಬಾಗಿಲಲ್ಲಿ ಸುನಂದಾ ಬಂದು ನಿಂತಳು. ಕೈಯ ಹಿಟ್ಟು ತೊಳೆದಿದ್ದಳು.

"ಅತ್ತಿ, ಹಿಟ್ಟ ಆತು."

"ಇನ್ನೊಂದೀಟ ಕಲಸು."

"ಸಾಕ್ರಿ ಅತ್ತಿ." ದನಿ ಏರಿಸಲಿಲ್ಲ. "ನಾ ದಿನಾ ಅವರ ಅಂಗಡಿ ಮುಂದ ಹಾದು ಬರ್ತೇನಿ. ಇಲ್ಲಂತ ಹೇಳ್ಕೊಂಡು ಹಾದು ಬರ್ತೇನಿ. ಹಿಂಗ ಹೊಟ್ಟಿ ಬಂದೈತಿ, ಕೂದಲಾ ಬಂದಾವ ಅಂದ್ರ, ನಾಳಿ ನಾ ಹೆಂಗ ಹಾದು ಬರ್ಲಿ?"

ಮಾರ್ಥವ್ವ ಬೆಣ್ಣೆಯ ಬಟ್ಟಲು ಕೆಳಗಿಟ್ಟಳು. ಮುದುಕ ಇಬ್ಬರ ಮುಖವನ್ನೂ ನೋಡುತ್ತಿದ್ದ. ಜೈನುದ್ದೀನ ಇದನ್ನು ಇಂಗ್ಲಿಷಿಗೆ ಹೇಳಲಿಲ್ಲ. ಕೈ ತೊಳೆಯುವ ನೀರಿನ ತಂಬಿಗೆಯನ್ನು ತಾಟಿನ ಪಕ್ಕಕ್ಕೆ ತಂದಿಟ್ಟ. ಇನ್ನು ತಾಟಿನಲ್ಲಿ ಕೈ ತೊಳೆದರೆ ಊಟ ಮುಗಿದಂತೆ ಎಂದಷ್ಟೇ ಮುದುಕನಿಗೆ ತಿಳಿಸಿದ.

"ನಾನ ಕಲಸ್ತೇನಿ," ಎಂದು ಮಾರ್ಥವ್ವ ಸೊಸೆಯನ್ನು ಸರಿಸಿ ಒಳಗೆ ಹೋದಳು.

ಡಬ್ಬಿ ಕೆರೆದು ಹಿಟ್ಟು ತೆಗೆದಳು. ಬಿಸಿನೀರು ಹಾಕಿ ನಾದಿ, ಕಟ್ಟಿಗೆಯ ಕೊಣಮಿಗೆಯಲ್ಲಿ ತಟ್ಟತೊಡಗಿದಳು. ಹೊರಗೆ ಸುನಂದಾ ಜೈನುದ್ದೀನನಿಗೆ ಏನೋ ಅಂದದ್ದು ಕೇಳಿಸಿತು. ಮಾರ್ಥವ್ವ ಜೋರಾಗಿ ತಟ್ಟಿದಳು. ಜೈನುದ್ದೀನನ ಇಂಗ್ಲಿಷು ಸಣ್ಣ ದನಿಯಲ್ಲಿ, ತಡೆತಡೆದು ಬಂತು. ಅದರಲ್ಲಿ ಅವಳಿಗೆ ತಿಳಿದದ್ದು ಎರಡೇ ಮಾತು. ಅನಿಲ್. ಮದರ್. ಆಮೇಲೆ ಮತ್ತೆ ಮದರ್. ರೊಟ್ಟಿ ಅಂಚು ಸೀಳುವಷ್ಟು ತೆಳ್ಳಗಾಗಿತ್ತು, ಅವಳು ತಟ್ಟುತ್ತಲೇ ಇದ್ದಳು. ಕಡೆಗೆ ಹಂಚಿನ ಮೇಲೆ ಹಾಕಿ, ನೀರು ಸವರಿ, ಕೈ ಸುಮ್ಮನಾದಾಗ ಹೊರಗೆ ಯಾವ ದನಿಯೂ ಇರಲಿಲ್ಲ.

ರೊಟ್ಟಿ ಉಬ್ಬಿತು. ಸೆರಗಿನಿಂದ ಹಿಡಿದುಕೊಂಡು ಹೊರಗೆ ಬಂದಳು.

ಜೈನುದ್ದೀನ ಗೋಡೆಗೆ ಮುಖ ಮಾಡಿ ನಿಂತಿದ್ದ. ಸುನಂದಾ ನೆಲದ ಮೇಲೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮುದುಕನ ಕನ್ನಡಕ ಸ್ಟೂಲಿನ ಅಂಚಿಗಿತ್ತು, ಅವನ ಕೆಂಪು ಮೂಗು ಇನ್ನೂ ಕೆಂಪಾಗಿತ್ತು. ಮಾರ್ಥವ್ವ ತಾಟು ನೋಡಿದಳು. ಒಣಗಿದ ಮೊಸರು, ಬದನೆಯ ತೊಟ್ಟು. ತಂಬಿಗೆಯ ನೀರು ತುಂಬಿದ್ದು ತುಂಬಿದಂತೆಯೇ ಇತ್ತು.

ಮುದುಕ ಅವಳನ್ನು ನೋಡಿದ. ಎಂಜಲಿಲ್ಲದ ಕೈಯಿಂದ ತಂಬಿಗೆಯನ್ನು ಕೆಳಗೆ, ಕುರ್ಚಿಯ ಕಾಲ ಹಿಂದಕ್ಕೆ ಸರಿಸಿದ. ಆಮೇಲೆ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ.

ಮಾರ್ಥವ್ವ ರೊಟ್ಟಿ ಹಾಕಿದಳು. ಬೆಣ್ಣೆ ಹಾಕಿದಳು. ಅವನ ಎದುರಿಗೆ ನೆಲದ ಮೇಲೆ ಕುಳಿತುಕೊಂಡಳು.

"ಸಾವಕಾಶ ಉಣ್ರಿ," ಎಂದಳು.

ಅವನಿಗೆ ಅದನ್ನು ಯಾರೂ ತಿರುಗಿಸಿ ಹೇಳಲಿಲ್ಲ. ಅವನು ರೊಟ್ಟಿ ಮುರಿದ. ಮುರಿದದ್ದನ್ನು ಮತ್ತೆ ಮುರಿದ, ಕಾಳಿನಷ್ಟು ಸಣ್ಣದು ಮಾಡಿ, ಒಂದೊಂದಾಗಿ ಬಾಯಿಗೆ ಇಟ್ಟುಕೊಳ್ಳತೊಡಗಿದ.