ಅಪರಿಚಿತರನ್ನು ಕೇಳುವ ಪ್ರಶ್ನೆ

ಸಂದರ್ಶನದ ಹಿಂದಿನ ಸಂಜೆ ಬಸೆಮೆರ ಗೆಳತಿ ಕುನಿಹಿರಳ ಮನೆಗೆ ಹಿತ್ತಿಲ ಬಾಗಿಲಿಂದ ಬಂದಳು. ಮುಂಬಾಗಿಲಿಂದ ಬರುವಂತಿರಲಿಲ್ಲ. ಮರುದಿನ ಚಹಾ ಕಾರ್ಖಾನೆಯ ಮುಖ್ಯಸ್ಥರ ಹುದ್ದೆಗೆ ಆಯ್ಕೆ ಮಾಡುವ ಮೂವರಲ್ಲಿ ಅವಳೂ ಒಬ್ಬಳು, ಆ ಹುದ್ದೆಗೆ ಅರ್ಜಿ ಹಾಕಿದವರಲ್ಲಿ ಕುನಿಹಿರ ಒಬ್ಬಳು. ಅದು ಬೆಳೆಗಾರರೇ ಸೇರಿ ಕಟ್ಟಿದ ಸಹಕಾರಿ ಕಾರ್ಖಾನೆ. ದೊಡ್ಡ ಹುದ್ದೆಗೆ ಯಾರನ್ನಾದರೂ ಆರಿಸುವಾಗ ಕೆಲಸಗಾರರ ಪೈಕಿ ಒಬ್ಬರು ಸಮಿತಿಯಲ್ಲಿ ಕೂರಬೇಕೆಂಬುದು ಅಲ್ಲಿಯ ಪದ್ಧತಿ. ಈ ಸಲ ಎಲ್ಲರೂ ಕೈ ಎತ್ತಿ ಬಸೆಮೆರಳನ್ನು ಕಳಿಸಿದ್ದರು. ಮೊದಲು ಕೈ ಎತ್ತಿದವಳು ಕುನಿಹಿರಳೇ.

"ಅಕಿಕಿ, ಒಲೆ ಮೇಲೇನಿದೆ?" ಎನ್ನುತ್ತಾ ಬಸೆಮೆರ ಚಪ್ಪಲಿ ಬಿಟ್ಟಳು.

"ನೀನು ಬರ್ತೀಯ ಅಂತ ಮೂಗಿಗೆ ಮೊದಲೇ ಗೊತ್ತಿತ್ತು ಅಬ್ವೋಲಿ. ಬಾಳೆಕಾಯಿ, ಕಡಲೆಕಾಯಿ ಗೊಜ್ಜು."

ಟೋರೊ ಸೀಮೆಯಲ್ಲಿ ಹೆಸರು ಹಿಡಿದು ಕೂಗುವವರು ಪೊಲೀಸರು, ಇಲ್ಲವೇ ಶಾಲೆಯಲ್ಲಿ ಹಾಜರಿ ಕರೆಯುವ ಮೇಷ್ಟ್ರು. ಉಳಿದವರೆಲ್ಲ ಎಂಪಾಕೊ ಹಿಡಿದು ಕರೆಯುತ್ತಾರೆ. ಅದು ಹೆಸರಿಡುವ ದಿನವೇ ಮಗುವಿಗೆ ಕೊಡುವ ಅಕ್ಕರೆಯ ಹೆಸರು. ಹಾಗೆ ಕುನಿಹಿರ ಅಕಿಕಿ, ಬಸೆಮೆರ ಅಬ್ವೋಲಿ. ಹೊಸಬರು ಎದುರಾದರೆ ಮೊದಲು ಅವರ ಎಂಪಾಕೊ ಕೇಳಬೇಕು. ಒಮ್ಮೆ ಕೇಳಿ ತಿಳಿದ ಮೇಲೆ ಮರೆಯುವುದು ಮರ್ಯಾದೆಯಲ್ಲ.

ಊಟ ಮಾಡುತ್ತಲೇ ಬಸೆಮೆರ ಗೆಳತಿಯನ್ನು ಪರೀಕ್ಷೆ ಮಾಡಿದಳು. ಯಂತ್ರಗಳ ಬಗ್ಗೆ, ಕೂಲಿಯ ತಕರಾರಿನ ಬಗ್ಗೆ, ಹರಾಜಿನಲ್ಲಿ ಬೆಲೆ ಇಳಿದರೆ ಏನು ಮಾಡುತ್ತೀ ಎಂಬುದರ ಬಗ್ಗೆ. ಹಿಂದಿನ ಮುಖ್ಯಸ್ಥರು ನಿವೃತ್ತರಾದಾಗಿನಿಂದ ಕುನಿಹಿರಳೇ ಹಂಗಾಮಿಯಾಗಿ ಕಾರ್ಖಾನೆ ನಡೆಸುತ್ತಿದ್ದಳು, ಉತ್ತರಗಳು ಅವಳ ನಾಲಿಗೆಯ ತುದಿಯಲ್ಲಿದ್ದವು. ಆ ಹುದ್ದೆ ಅವಳಿಗೆ ಬೇಕಾಗಿತ್ತು. ತಾನು ಮಾಡುತ್ತಿರುವ ಕೆಲಸವನ್ನು ತನ್ನದೆಂದು ಒಮ್ಮೆಯಾದರೂ ಯಾರಾದರೂ ಹೇಳಲಿ ಎಂಬ ಆಸೆ.

"ಆ ಎಲೆ ವಿಷಯ ಕೇಳಿದ್ರೆ?" ಎಂದಳು ತಟ್ಟೆ ನೋಡುತ್ತಾ.

"ಅದನ್ಯಾರು ಕೇಳ್ತಾರೆ ಬಿಡೆ. ಹಳೇದು. ಅದಕ್ಕೆ ತಲೆ ಕೆಡಿಸ್ಕೋಬೇಡ, ಉತ್ತರ ತಯಾರು ಮಾಡ್ಕೊಂಡು ಕೂರಬೇಡ. ನಾನಿದ್ದೀನಲ್ಲ ಒಳಗೆ."

ಎಲೆಯ ವಿಷಯ ಹೀಗಿತ್ತು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಎಲೆ ಬಾಡಿಸುವ ಅಟ್ಟದ ಮೇಲೆ ಬಸೆಮೆರ ಕೆಲಸದಲ್ಲಿದ್ದಳು. ಒಂದು ಫ್ಯಾನಿನ ಬೆಲ್ಟು ಸುಟ್ಟ ವಾಸನೆ ಬಂತೆಂದು ಎಲ್ಲ ಫ್ಯಾನ್‌ಗಳನ್ನೂ ನಿಲ್ಲಿಸಿ ನೋಡುತ್ತಿದ್ದಾಗ, ಮಗಳಿಗೆ ಜ್ವರ ಏರಿ ಸೆಳೆತ ಬಂದಿದೆ ಎಂದು ಮನೆಯಿಂದ ಫೋನು ಬಂತು. ಯಾರಿಗೂ ಹೇಳದೆ ಓಡಿದಳು. ಫ್ಯಾನ್ ಮತ್ತೆ ಹಾಕಲಿಲ್ಲ. ಗಾಳಿಯಿಲ್ಲದೆ ತೊಟ್ಟಿಗಳಲ್ಲಿದ್ದ ಎಲೆ ಒಳಗೊಳಗೇ ಕಾದು ಕೆಂಪಾಯಿತು. ಆ ದಿನ ಗುಡ್ಡಗುಡ್ಡದಿಂದ ಬೆಳೆಗಾರರು ಹೊತ್ತು ತಂದ ಎಲೆಯನ್ನೆಲ್ಲ ಹಳ್ಳಕ್ಕೆ ಸುರಿಯಬೇಕಾಯಿತು. ಬಸೆಮೆರಳ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ, ತಿಳಿದಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು. ಪಾಳಿಯ ಮೇಲ್ವಿಚಾರಕಿ ಕುನಿಹಿರ. ಅವಳನ್ನು ಹೋಗು ಅಂದವಳು ನಾನೇ, ಫ್ಯಾನ್ ಮರೆತವಳೂ ನಾನೇ ಎಂದಳು. ಆಮೇಲೆ ಬಹಳ ಕಾಲ ಎಲೆ ತೂಗಿಸಲು ಬಂದ ಬೆಳೆಗಾರರು ಅವಳ ಕಿವಿಗೆ ಬೀಳುವಂತೆಯೇ, "ಇವತ್ತು ಯಾರಪ್ಪ ಪಾಳಿ, ಎಲೆ ಮನೆಗೇ ವಾಪಸ್ ತಗೊಂಡು ಹೋಗೋಣ್ವಾ?" ಎನ್ನುತ್ತಿದ್ದರು. ಕುನಿಹಿರ ತಲೆ ತಗ್ಗಿಸಿ ನಕ್ಕುಬಿಡುತ್ತಿದ್ದಳು. ಮಗು ಉಳಿಯಿತು. ಈಗ ಶಾಲೆಗೆ ಹೋಗುತ್ತದೆ, ದಾರಿಯಲ್ಲಿ ಸಿಕ್ಕರೆ ಕುನಿಹಿರಳ ಸೆರಗು ಹಿಡಿದು ನಡೆಯುತ್ತದೆ.

ಸಂದರ್ಶನದ ಕೋಣೆಯಲ್ಲಿ ನಡುವೆ ಕೂತವರು ಮುಗೇನ್ಯಿ, ಬೇರೆ ಗುಡ್ಡದ ವಯಸ್ಸಾದ ಬೆಳೆಗಾರರು. ಅವರ ಒಂದು ಪಕ್ಕಕ್ಕೆ ರಾಜಧಾನಿ ಕಂಪಾಲದಿಂದ ಬಂದ ಅಧಿಕಾರಿ, ಇನ್ನೊಂದು ಪಕ್ಕಕ್ಕೆ ಬಸೆಮೆರ. ಕುನಿಹಿರ ಒಳಗೆ ಬರುತ್ತಲೇ ಮುದುಕರು ಎದ್ದು ನಿಂತರು.

"ನಿಮ್ಮ ಎಂಪಾಕೊ ಏನಮ್ಮ?"

"ಅಕಿಕಿ, ಸರ್."

"ನಂದು ಅರಾಲಿ. ಕೂತ್ಕೊಳ್ಳಿ ಅಕಿಕಿ, ನೀರು ಕುಡೀರಿ ಮೊದಲು." ಹೂಜಿ ಅವಳ ಕೈಗೆ ಎಟುಕದೆಂದು ತಾವೇ ಲೋಟಕ್ಕೆ ಬಗ್ಗಿಸಿ ಮುಂದಕ್ಕೆ ಸರಿಸಿದರು. ಅವಳು ಅರ್ಧ ಲೋಟ ಕುಡಿದು ಕೆಳಗಿಟ್ಟಳು.

ಅಧಿಕಾರಿ ಕೇಳಿದ್ದಕ್ಕೆಲ್ಲ ಉತ್ತರಿಸಿದಳು. ಒಂದೆರಡು ಕಡೆ ಅವರು ತಲೆದೂಗಿದರು. ಕೊನೆಯಲ್ಲಿ ಸಮಿತಿಯ ಒಬ್ಬೊಬ್ಬರೂ ತಮ್ಮ ಇಷ್ಟದ ಒಂದು ಪ್ರಶ್ನೆ ಕೇಳಬಹುದು. ಮುಗೇನ್ಯಿ, ಮಳೆಗಾಲದಲ್ಲಿ ಲಾರಿ ಹೂತುಹೋದರೆ ನಮ್ಮ ಗುಡ್ಡದ ಎಲೆ ಹೇಗಮ್ಮ ತರಿಸ್ತೀರಿ ಎಂದು ಕೇಳಿ, ಉತ್ತರ ಕೇಳಿ ನಕ್ಕರು. ಅಧಿಕಾರಿ ತಮ್ಮದೇನೂ ಇಲ್ಲವೆಂದರು. ಬಸೆಮೆರಳ ಸರದಿ ಬಂತು.

"ಕುನಿಹಿರ ಅವರೇ," ಎಂದಳು.

ಆ ಹೆಸರು ಅವಳ ಬಾಯಲ್ಲಿ ಕೇಳಿದ್ದೇ ಇಲ್ಲವಾದ್ದರಿಂದ, ಬೇರೆ ಯಾರನ್ನೋ ಕರೆದರೆಂದು ಕುನಿಹಿರಳಿಗೆ ಅನಿಸಿತು.

"ಕೆಲವು ವರ್ಷದ ಹಿಂದೆ ನಿಮ್ಮ ಪಾಳಿಯಲ್ಲಿ ಬೆಳೆಗಾರರ ಒಂದು ದಿನದ ಎಲೆಯೆಲ್ಲ ಹಾಳಾಯ್ತು. ಅದು ಹೇಗಾಯ್ತು ಅಂತ ಸಮಿತಿಗೆ ಹೇಳ್ತೀರಾ?"

ಕುನಿಹಿರಳಿಗೆ ಮೊದಲು ಹೊಳೆದದ್ದು, ಪಾಪ, ಇವಳು ಇಂದು ನಿಜ ಹೇಳಿಬಿಡಲು ದಾರಿ ಮಾಡಿಕೊಳ್ಳುತ್ತಿದ್ದಾಳೆ ಎಂದು. ಎದೆ ಬೆಚ್ಚಗಾಯಿತು. ಬಸೆಮೆರಳ ಮುಖ ನೋಡಿದಳು. ಬಸೆಮೆರ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

"ಫ್ಯಾನ್ ನಿಲ್ಲಿಸಲಾಗಿತ್ತು. ಮತ್ತೆ ಹಾಕಲಿಲ್ಲ," ಎಂದಳು ಕುನಿಹಿರ.

"ನಿಲ್ಲಿಸಿದ್ದು ಯಾರು?" ಅಧಿಕಾರಿ ಕೇಳಿದರು.

ಬಸೆಮೆರಳೇ ಹೇಳಲೆಂದು ಕುನಿಹಿರ ಕಾದಳು. ಕಿಟಕಿಯಾಚೆ ಎಲೆಯ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ಅದು ನಿಲ್ಲುವವರೆಗೂ ಕಾದಳು.

"ಪಾಳಿ ನಿಮ್ಮದೇ ಅಲ್ವಾ?" ಎಂದಳು ಬಸೆಮೆರ.

ಹೇಳಿಬಿಡಬಹುದಿತ್ತು. ಆದರೆ ಆಯ್ಕೆ ಮಾಡಲು ಕೂತವಳ ಮೇಲೆ ಆಯ್ಕೆಯಾಗಲು ಬಂದವಳು ತಪ್ಪು ಹೊರಿಸಿದರೆ ಯಾರು ನಂಬುತ್ತಾರೆ? ನಂಬಿದರೂ, ಸೆರಗು ಹಿಡಿದು ನಡೆಯುವ ಆ ಮಗುವಿನ ಮನೆಯ ಒಲೆ ಏನಾದೀತು?

"ಹೌದು. ಪಾಳಿ ನಂದು."

ಮುಗೇನ್ಯಿಯವರು ಮುಂದಕ್ಕೆ ಬಾಗಿದರು. ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ ಅಕಿಕಿ, ಆಮೇಲೆ ಏನು ಬದಲಾಯಿಸಿದಿರಿ ಅದನ್ನ ಹೇಳಿ, ಎಂದು ಮೆತ್ತಗೆ ಕೇಳಿದರು. ಅದಕ್ಕೆ ಅವಳಲ್ಲಿ ಒಳ್ಳೆಯ ಉತ್ತರವಿತ್ತು. ಪಾಳಿ ಬಿಡುವವರೂ ಹಿಡಿಯುವವರೂ ಜೊತೆಗೇ ಅಟ್ಟ ಹತ್ತಿ, ಒಂದೊಂದು ಸ್ವಿಚ್ಚನ್ನೂ ಕೈಯಿಂದ ಮುಟ್ಟಿ ನೋಡಿಯೇ ಬೇರೆಯಾಗಬೇಕೆಂದು ನಿಯಮ ತಂದವಳು ಅವಳೇ. ಆದರೆ ಅವಳ ಕಣ್ಣು ಬಸೆಮೆರಳ ಪೆನ್ನಿನ ಮೇಲೇ ಇತ್ತು. ಏನೋ ಒಂದೆರಡು ಮಾತು ತೊದಲಿ ಎದ್ದಳು. ಮುದುಕರು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಆ ವಾರವೇ ಸುದ್ದಿ ಬಂತು. ಹುದ್ದೆ ಹೊರಗಿನವರೊಬ್ಬರಿಗೆ ಹೋಯಿತು, ಕುನಿಹಿರ ಮತ್ತೆ ಪಾಳಿಯ ಮೇಲ್ವಿಚಾರಕಿ. ಕ್ಯಾಂಟೀನಿನ ಮುದುಕಿ ಅದ್ಯೇರಿ ಅವಳ ತಟ್ಟೆಗೆ ಹುರುಳಿಕಾಳನ್ನು ಎರಡು ಸಲ ಬಡಿಸಿ, ಗದ್ದಲದ ಮೇಜಿನಿಂದ ಎಬ್ಬಿಸಿ ಒಲೆಯ ಹತ್ತಿರದ ತನ್ನ ಮಣೆ ಕೊಟ್ಟಳು.

ಬಸೆಮೆರ ಕುನಿಹಿರಳನ್ನು ಹಿಡಿದದ್ದು ಎಲೆ ತೂಗುವ ಚಪ್ಪರದ ಹಿಂದೆ.

"ಬೈಯೆ ಅಕಿಕಿ. ಹೊಡೆಯೋದಾದ್ರೆ ಹೊಡಿ."

"ಯಾಕೆ ಕೇಳಿದೆ?"

"ನಿನ್ನ ಮುಖ ನೋಡಿದಾಗೆಲ್ಲ ನಂಗೆ ಆ ಭಾನುವಾರ ಕಾಣುತ್ತೆ. ಪಕ್ಕದಲ್ಲಿದ್ರೆ ಹೇಗೋ ತಡ್ಕೋತಿದ್ದೆ. ಕಾಯಂ ಆಗಿ ನನ್ನ ತಲೆ ಮೇಲೆ ಬಂದು ಕೂತ್ರೆ? ನೀನು ಒಂದು ದಿನವಾದ್ರೂ ಅದನ್ನ ಎತ್ತಿ ಆಡಿದ್ರೆ ಹಗುರ ಆಗ್ತಿತ್ತು. ನೀನು ಆಡಲೇ ಇಲ್ಲ."

"ಅದಕ್ಕೇ ಹಿಂದಿನ ಸಂಜೆ ಬಂದು ಉತ್ತರ ತಯಾರು ಮಾಡ್ಕೋಬೇಡ ಅಂದ್ಯಾ?"

ಹುದ್ದೆ ಹೋದದ್ದಕ್ಕಿಂತ ಕುನಿಹಿರಳನ್ನು ಹೆಚ್ಚು ಚುಚ್ಚಿದ್ದು ಆ ಸಂಜೆಯ ಊಟ. ಗೊಜ್ಜು ಚೆನ್ನಾಗಿದೆ ಎಂದು ಬಸೆಮೆರ ಇನ್ನೊಮ್ಮೆ ಹಾಕಿಸಿಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತು. ಗೇಟಿನ ಬಳಿ ಎಲ್ಲರೂ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಬಸೆಮೆರ ಎದುರಿಗೆ ಬಂದು ಎಲ್ಲರಿಗೂ ಕೇಳುವಂತೆ, "ಹೇಗಿದ್ದೀಯೆ ಅಕಿಕಿ?" ಎಂದಳು.

ಎಂಪಾಕೊ ಹಿಡಿದು ಕೇಳಿದವರಿಗೆ ಎಂಪಾಕೊ ಹಿಡಿದೇ ಉತ್ತರ ಕೊಡಬೇಕು. ಕುನಿಹಿರ ನಿಂತಳು. ಹೊಸಬರನ್ನು ಕಂಡರೆ ನಗುವಂತೆ ಹದವಾಗಿ ನಕ್ಕಳು.

"ಚೆನ್ನಾಗಿದ್ದೀನಿ. ತಪ್ಪು ತಿಳೀಬೇಡಿ, ನಿಮ್ಮ ಎಂಪಾಕೊ ಏನು?"

ಬುಟ್ಟಿ ಇಳಿಸುತ್ತಿದ್ದವಳೊಬ್ಬಳು ಹಾಗೇ ಹಿಡಿದುಕೊಂಡಳು. ಕೇಳಿದ ಮೇಲೆ ಹೇಳದೆ ವಿಧಿಯಿಲ್ಲ.

"ಅಬ್ವೋಲಿ," ಎಂದಳು ಬಸೆಮೆರ, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಒಳ್ಳೇದು. ಬನ್ನಿ ಅಬ್ವೋಲಿ, ಪಾಳಿ ಬದಲಾಗಬೇಕು."

ಇಬ್ಬರೂ ಅಟ್ಟ ಹತ್ತಿದರು. ಕುನಿಹಿರ ಒಂದೊಂದು ಸ್ವಿಚ್ಚನ್ನೂ ಮುಟ್ಟಿ, ಪಕ್ಕಕ್ಕೆ ಸರಿದು, ಬಸೆಮೆರ ಮುಟ್ಟುವವರೆಗೆ ಕಾದಳು. ಫ್ಯಾನುಗಳ ಗಾಳಿಗೆ ಹಸಿರೆಲೆಯ ವಾಸನೆ ಎದ್ದಿತ್ತು. ಕೊನೆಯ ತೊಟ್ಟಿಯವರೆಗೂ ಇಬ್ಬರೂ ಹಾಗೇ ನಡೆದರು.